ಹಿಂಬದಿ ಚಕ್ರದ ನಟ್ಟು



ಮೋಟಾರ್ ಸೈಕಲ್ಲಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಹಿಂಬದಿ ಆಕ್ಸಲ್‌ನ ನಟ್ಟು. ಪಂಕ್ಚರ್ ಆದಾಗಲೂ ಚೈನು ಬಿಗಿ ಮಾಡುವಾಗಲೂ ಅದನ್ನು ಸಡಿಲಿಸಲೇಬೇಕು. ಪಾಲಹಳ್ಳಿಯಲ್ಲಿ ನಾನು ಕಂಡ ಎಷ್ಟೋ ಗಾಡಿಗಳಲ್ಲಿ ಅದರ ಆರು ಮೂಲೆಗಳೂ ಉರುಟಾಗಿವೆ. ಅಳತೆಗೆ ಹೊಂದದ ಸ್ಪ್ಯಾನರಿನಿಂದ ಮೂಲೆ ಸವೆಸಿ, ಬಳಿಕ ಉಳಿಯಿಟ್ಟು ಸುತ್ತಿಗೆಯಿಂದ ಬಡಿಯುವುದನ್ನು ಕೆಲವರು ಕೈಚಳಕವೆಂದೇ ಭಾವಿಸಿದ್ದಾರೆ. ನಾನು ಒಪ್ಪಲಾರೆ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಆರು ಮೂಲೆಯ ಸಾಕೆಟ್ಟನ್ನು ಬಿಗಿಯಾಗಿ ಕೂರಿಸಿ ತಿರುಗಿಸಬೇಕು. ಅದಕ್ಕೂ ಜಗ್ಗದಿದ್ದರೆ ನಟ್ಟಿನ ಒಂದು ಮಗ್ಗುಲನ್ನು ಗರಗಸದಿಂದ ಕೊಯ್ದು, ಆಕ್ಸಲ್‌ನ ಥ್ರೆಡ್ ತಲುಪುವ ಮೊದಲೇ ನಿಲ್ಲಿಸಿ, ಉಳಿಯಿಂದ ಸೀಳಬಹುದು. ಉಳಿಗೆ ಕೆಲಸವಿರುವುದು ಇಲ್ಲಿ ಮಾತ್ರ.

ಸವೆದ ನಟ್ಟನ್ನು ಮರಳಿ ಹಾಕುವುದು ಯಾವ ಮಿತವ್ಯಯವೋ ನನಗೆ ತಿಳಿಯದು. ನೈಲಾನ್ ಉಂಗುರದ ನಟ್ಟು ಬಿಚ್ಚಿದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ತೂರಿಸುವುದಂತೂ ಸಲ್ಲದು. ನಟ್ಟು ಸಡಿಲಿದರೆ ಚಕ್ರ ಓರೆಯಾಗಿ ಚೈನು ಕಳಚೀತು. ಬೆನ್ನ ಹಿಂದೆ ಮಡದಿ ಮಕ್ಕಳು, ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು! ಎಷ್ಟು ಬಿಗಿಯಬೇಕೆಂಬುದು ಗಾಡಿಯ ಕೈಪಿಡಿಯಲ್ಲಿದೆ. ಅಳತೆಯ ಟಾರ್ಕ್ ಸ್ಪ್ಯಾನರಿರುವ ಕಡೆಯೇ ಬಿಗಿಸಿರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಯ ಹಳೆಯ ಯೆಜ್ದಿಯನ್ನು ಇನ್ನೂ ಸಾಕಿಕೊಂಡಿರುವ ಶಿಷ್ಯರು ಹೊಸ ನಟ್ಟು ಕೊಳ್ಳುವಾಗ ಆಕ್ಸಲ್ಲನ್ನೇ ಅಂಗಡಿಗೆ ಕೊಂಡೊಯ್ಯುವುದು ಲೇಸು. ಥ್ರೆಡ್ ಸರಿಯಿದ್ದರೆ ನಟ್ಟು ಬೆರಳಿನಲ್ಲೇ ತಿರುಗುತ್ತದೆ. ಸಿಕ್ಕಿಕೊಂಡರೆ ಒತ್ತಾಯಿಸದೆ ಬೇರೊಂದನ್ನು ಕೇಳಿರಿ.