ಮುಳ್ಳು ನಡುಗಿದ್ರೆ ಮೀಟರ್ ಕೀಳ್ಬೇಡಿ | ಹಳೇ ಕಾರು ಸರಣಿ, ಭಾಗ 4

ಫ್ರೆಂಡ್ಸ್, ಮನೆ ಶೆಡ್ಡಲ್ಲಿ ಅಂಬಾಸಿಡರೋ ಪದ್ಮಿನಿಯೋ ಇರೋರು ಇದನ್ನ ಪೂರ್ತಿ ಓದಿ. ಇಲ್ಲದೋರು ಸೇವ್ ಮಾಡ್ಕೊಂಡು ಇರೋರಿಗೆ ಕಳಿಸಿ 👇

ಡ್ಯಾಶ್‌ಬೋರ್ಡಲ್ಲಿ ಮುಳ್ಳು ಕುಣಿಯೋಕೆ ಶುರುವಾದ್ರೆ ಎಲ್ಲರೂ ಕೊಡೋ ಸಲಹೆ ಒಂದೇ: "ಮೀಟರ್ ಹೋಗಿದೆ, ಡಿಜಿಟಲ್ ಹಾಕ್ಸು." ನಾನು ಇದನ್ನ ಒಪ್ಪಲ್ಲ. ಹೆಚ್ಚಿನ ಸಲ ಮೀಟರ್ ಚೆನ್ನಾಗೇ ಇರುತ್ತೆ, ತೊಂದರೆ ಬೇರೆ ಕಡೆ ಇರುತ್ತೆ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳ್ಕೊಂಡು ಬೆಳೆದೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಮಗ್ಗ ನಿಂತ್ರೆ ಆ ಮಗ್ಗ ನೋಡ್ತೀವಿ. ಶೆಡ್ಡಿನ ಮಗ್ಗ ಎಲ್ಲಾ ಒಟ್ಟಿಗೆ ನಿಂತ್ರೆ? ಕರೆಂಟ್ ನೋಡ್ತೀವಿ. ಕಾರಲ್ಲೂ ಅದೇ ಲೆಕ್ಕ.

🔧 ಪೆಟ್ರೋಲ್, ಟೆಂಪರೇಚರ್ ಎರಡೂ ಮುಳ್ಳು ಒಟ್ಟಿಗೆ ಆಡ್ತಿದ್ರೆ: ಇಬ್ಬರಿಗೂ ಸೇರಿದ ಜಾಗ ನೋಡಿ. ಫ್ಯೂಸ್, ಡ್ಯಾಶ್ ಹಿಂದಿನ ಅರ್ಥಿಂಗ್ ವೈರ್. ಬ್ರಿಟಿಷ್ ಮೂಲದ ಹಲವು ಹಳೇ ಕಾರುಗಳಲ್ಲಿ ಮೀಟರಿಗೆ ಸರಾಸರಿ 10 ವೋಲ್ಟ್ ಕೊಡೋ ಚಿಕ್ಕ ಸ್ಟೆಬಿಲೈಸರ್ ಇರುತ್ತೆ. ಅದರ ಅರ್ಥಿಂಗ್ ಸಡಿಲ ಆದ್ರೆ ಎರಡೂ ಮುಳ್ಳು ಇರೋದಕ್ಕಿಂತ ಜಾಸ್ತಿ ತೋರಿಸ್ತವೆ.

🔧 ಒಂದೇ ಮುಳ್ಳು ಆಡ್ತಿದ್ರೆ: ಅದರ ಸೆಂಡರ್, ಅದರ ವೈರ್. ಕರೆಂಟ್ ವಾಪಸ್ ಹೋಗೋದು ಕಾರಿನ ಬಾಡಿ ಮೂಲಕ. ನಡುವೆ ತುಕ್ಕೋ ಪೇಂಟೋ ಇದ್ರೆ ಗುಂಡಿ ಸಿಕ್ಕಾಗೆಲ್ಲಾ ಸಂಪರ್ಕ ತಪ್ಪುತ್ತೆ. ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಆಮೇಲೆ ನೋಡಿ. ತಿರುವಲ್ಲಿ ಮಾತ್ರ ಪೆಟ್ರೋಲ್ ಮುಳ್ಳು ಆಡಿದ್ರೆ ಅದು ಟ್ಯಾಂಕಲ್ಲಿ ಪೆಟ್ರೋಲ್ ತುಳುಕೋದು, ರೋಗ ಅಲ್ಲ.

🔧 ಸ್ಪೀಡೋಮೀಟರ್ ನಡುಗಿದ್ರೆ: ಹಳೇ ಕಾರಲ್ಲಿ ಅದಕ್ಕೂ ವೈರಿಂಗಿಗೂ ಸಂಬಂಧ ಇಲ್ಲ. ಗೇರ್‌ಬಾಕ್ಸಿಂದ ಬರೋ ಕೇಬಲ್ ಒಣಗಿರುತ್ತೆ ಅಥವಾ ಮಡಚಿಕೊಂಡಿರುತ್ತೆ. ಗ್ರೀಸ್ ತೆಳುವಾಗಿ ಸವರಿ, ಮೀಟರ್ ಕಡೆಯ ತುದಿಗೆ ಹಚ್ಚಬೇಡಿ. ಹಚ್ಚಿದ್ರೆ ಅದು ಮೀಟರ್ ಒಳಗೇ ಹೋಗುತ್ತೆ.

⚠️ ಡ್ಯಾಶ್ ಹಿಂದೆ ಕೈ ಹಾಕೋ ಮೊದ್ಲು ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಹತ್ರ ವೈರ್ ತಾಗಿಸಿ ಕಿಡಿ ಹಾರಿಸಿ ಟೆಸ್ಟ್ ಮಾಡೋದು ಬೇಡವೇ ಬೇಡ.

"ಇಷ್ಟೆಲ್ಲಾ ಯಾಕೆ, ಹೊಸದು ಹಾಕಿದ್ರೆ ಆಯ್ತಲ್ಲ" ಅಂತೀರಾ? ಅರ್ಥಿಂಗ್ ಕೆಟ್ಟಿದ್ರೆ ಹೊಸ ಮೀಟರೂ ಸುಳ್ಳೇ ಹೇಳುತ್ತೆ. "ಆ ಮುಳ್ಳು ಯಾವಾಗ್ಲೂ ಹಂಗೇ" ಅಂತ ಟೆಂಪರೇಚರ್ ನೋಡೋದನ್ನೇ ಬಿಟ್ಟೋರು, ನಂದಿಬೆಟ್ಟ ಹತ್ತುವಾಗ ಎಂಜಿನ್ ನಿಜವಾಗ್ಲೂ ಕಾದ್ರೂ ನಂಬಲ್ಲ. ಹೆಡ್ ಗ್ಯಾಸ್ಕೆಟ್ ಹೋದ್ಮೇಲೆ ಆಗೋ ಖರ್ಚು ಮೀಟರಿನದ್ದಲ್ಲ.

ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಂಟೇಜ್ ನೋಂದಣಿ ಇದೆ. ಅಂಬಾಸಿಡರ್ ತಯಾರಿಕೆ 2014ಕ್ಕೇ ನಿಂತಿದೆ. ಇವತ್ತು ಗುಜರಿಗೆ ಹೋದ ಮೀಟರ್ ನಾಳೆ ಜೆ.ಸಿ. ರಸ್ತೆಯೆಲ್ಲಾ ಸುತ್ತಿದ್ರೂ ಸಿಗೋದು ಕಷ್ಟ.

ಒಳಗಿನ ಕಾಯಿಲ್ ಸುಟ್ಟಿದೆ ಅಂತ ಖಚಿತ ಆದ್ರೆ ಬದಲಿಸಿ, ಬೇಡ ಅನ್ನಲ್ಲ. ಆದ್ರೆ ಅದು ಕೊನೇ ಹೆಜ್ಜೆ ಆಗ್ಲಿ.

ನಿಮ್ಮನೆ ಕಾರಲ್ಲಿ ಯಾವ ಮುಳ್ಳು ಆಡ್ತಿದೆ? ಒಂದೋ, ಎರಡೋ? ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಹುಡುಕೋಣ.

#ಹಳೇಕಾರು #ಅಂಬಾಸಿಡರ್ #ದೊಡ್ಡಬಳ್ಳಾಪುರ #ಕನ್ನಡದಲ್ಲಿಮೆಕ್ಯಾನಿಕ್