ರೂಪದರ್ಶಿಗೆ ಜೊತೆಗಾರರು ಬೇಕೆ?

ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ.ಎ.

ರೂಪದರ್ಶಿಯ ವೃತ್ತಿಯೆಂದರೆ ಒಂದು ಕಾಲಕ್ಕೆ ಮುಂಬಯಿಯಂತಹ ಮಹಾನಗರಗಳ ಮಾತಾಗಿತ್ತು. ಇಂದು ಹಾಗಿಲ್ಲ. ಜಿಲ್ಲಾ ಕೇಂದ್ರಗಳ ಸೀರೆ ಅಂಗಡಿಯವರೂ ಆಭರಣದ ವ್ಯಾಪಾರಿಗಳೂ ತಮ್ಮ ಜಾಹೀರಾತುಗಳಿಗೆ ನಮ್ಮ ನಡುವಿನ ಹುಡುಗ ಹುಡುಗಿಯರನ್ನೇ ಕರೆಯತೊಡಗಿದ್ದಾರೆ. ಕರೆ ಬರುವುದು ಮೊಬೈಲಿನಲ್ಲಿ. ಕರೆದವರ ಮುಖವನ್ನು ಒಮ್ಮೆಯೂ ನೋಡದೆ ಹೊರಡಬೇಕಾಗುವ ಸಂದರ್ಭಗಳೂ ಉಂಟು. ಹೀಗಿರುವಲ್ಲಿ, ಛಾಯಾಗ್ರಾಹಕನ ಬಳಿಗೆ ಹೋಗುವ ರೂಪದರ್ಶಿಯು ತಾಯಿಯನ್ನೋ ಅಣ್ಣನನ್ನೋ ಗೆಳತಿಯನ್ನೋ ಜೊತೆಗೆ ಕರೆದೊಯ್ಯಬೇಕೆ ಬೇಡವೆ ಎಂಬ ಪ್ರಶ್ನೆಯು ಬರಿಯ ಹರಟೆಯ ವಿಷಯವಲ್ಲ. ವಾಚಕರು ಇದನ್ನು ಸ್ವಲ್ಪ ಸಾವಧಾನದಿಂದ ಆಲೋಚಿಸಬೇಕೆಂದು ನನ್ನ ಬಿನ್ನಹ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜೊತೆಗೊಬ್ಬರನ್ನು ಕರೆತರುವುದು ರೂಪದರ್ಶಿಯ ಹಕ್ಕು. ಅದನ್ನು ನಿರಾಕರಿಸುವ ಅಧಿಕಾರ ಯಾವ ಛಾಯಾಗ್ರಾಹಕನಿಗೂ ಇರಕೂಡದು. ಆದರೆ ಅದನ್ನು ಅವಳ ಕರ್ತವ್ಯವೆಂದು ವಿಧಿಸುವುದು ಅನ್ಯಾಯ. ಎರಡು ಮಾತುಗಳೂ ಒಂದೇ ಎಂದು ಮೇಲುನೋಟಕ್ಕೆ ತೋರಬಹುದು. ಅವುಗಳ ನಡುವಿನ ಅಂತರ ದೊಡ್ಡದು.

ಜೊತೆಗಾರರ ಪದ್ಧತಿ ಹೊಸದೇನೂ ಅಲ್ಲ. 1913ರಲ್ಲಿ ಫಾಲ್ಕೆಯವರು ತೆಗೆದ ‘ಮೋಹಿನಿ ಭಸ್ಮಾಸುರ’ ಚಿತ್ರದಲ್ಲಿ ದುರ್ಗಾಬಾಯಿ ಕಾಮತರು ಪಾರ್ವತಿಯಾಗಿಯೂ ಅವರ ಮಗಳು ಕಮಲಾಬಾಯಿ ಮೋಹಿನಿಯಾಗಿಯೂ ನಟಿಸಿದರು. ನಮ್ಮ ದೇಶದಲ್ಲಿ ಕ್ಯಾಮೆರಾದ ಮುಂದೆ ಮೊದಮೊದಲು ನಿಂತ ಸ್ತ್ರೀಯರು ತಾಯಿ ಮಗಳಾಗಿದ್ದರೆಂಬುದು ಗಮನಿಸತಕ್ಕ ಸಂಗತಿ. ಅನಂತರವೂ ಬಹುಕಾಲ ನಟಿಯ ಪಕ್ಕದಲ್ಲಿ ಅವಳ ತಾಯಿ ಕುರ್ಚಿ ಹಾಕಿಕೊಂಡು ಕುಳಿತಿರುವುದು ಚಿತ್ರರಂಗದಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ಅದನ್ನು ನಗೆಯಾಡಿದವರು ಅನೇಕರು. ಆ ತಾಯಿ ಏಕೆ ಬಂದಳೆಂದು ಕೇಳಿದವರು ವಿರಳ.

ಛಾಯಾಗ್ರಾಹಕರ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಜೊತೆಗೆ ಬಂದವರು ಸುಮ್ಮನಿರುವುದಿಲ್ಲ, “ಹಾಗೆ ನಿಲ್ಲು, ಹೀಗೆ ನಗು” ಎಂದು ತಾವೇ ನಿರ್ದೇಶಕರಾಗುತ್ತಾರೆ, ಬಂಧುಗಳ ಎದುರಿಗೆ ಹುಡುಗಿಗೆ ಸಂಕೋಚವಾಗಿ ಮುಖದ ಸಹಜತೆ ಮಾಯವಾಗುತ್ತದೆ, ಸ್ಥಳವೂ ಸಾಲದು ಎಂಬುದು ಅವರ ಅಂಬೋಣ. ಇವೆಲ್ಲವೂ ನಿಜವೇ ಇರಬಹುದು. ಆದರೆ ಇವು ಜೊತೆಗಾರನ ನಡತೆಯ ದೋಷಗಳೇ ಹೊರತು ಜೊತೆಗಾರನಿರುವುದರ ದೋಷಗಳಲ್ಲ. ಬಂದವರು ದೀಪಗಳ ಹಿಂದೆ ಕುಳಿತಿರಬೇಕು, ಕೆಲಸದ ನಡುವೆ ಬಾಯಿ ಹಾಕಕೂಡದು, ತಮ್ಮ ಮೊಬೈಲಿನಲ್ಲಿ ಚಿತ್ರ ತೆಗೆಯಕೂಡದು ಎಂದು ಮೊದಲೇ ತಿಳಿಸಿದರೆ ತೀರಿತು. ಪುರುಷ ವೈದ್ಯನು ಸ್ತ್ರೀ ರೋಗಿಯನ್ನು ಪರೀಕ್ಷಿಸುವಾಗ ದಾದಿಯೊಬ್ಬಳು ಹತ್ತಿರ ನಿಲ್ಲುತ್ತಾಳೆ. ಅದರಿಂದ ವೈದ್ಯನಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಅವನ ಮಾನಕ್ಕೂ ಅದು ರಕ್ಷೆಯೇ. ಪ್ರಾಮಾಣಿಕನಾದ ಛಾಯಾಗ್ರಾಹಕನಿಗೂ ಮೂರನೆಯ ಕಣ್ಣೊಂದು ಸಾಕ್ಷಿಯಾಗಿರುವುದು ಲಾಭವೇ ಅಲ್ಲವೆ?

ಈ ವ್ಯವಸಾಯವು ಬಹಳ ಬೆಳೆದಿರುವ ದೇಶಗಳಲ್ಲಿಯೂ ಈ ವಿವೇಕ ಬಂದದ್ದು ತಡವಾಗಿಯೇ. ಅಮೆರಿಕದ ನ್ಯೂಯಾರ್ಕ್ ರಾಜ್ಯವು 18 ವರ್ಷ ತುಂಬದ ರೂಪದರ್ಶಿಗಳಿಗೆ ಬಾಲನಟರ ರಕ್ಷಣೆಯನ್ನು ವಿಸ್ತರಿಸಿದ್ದು 2013ರಲ್ಲಿ. ಫ್ರಾನ್ಸಿನ ಎಲ್‌ವಿಎಂಎಚ್ ಮತ್ತು ಕೆರಿಂಗ್ ಎಂಬ ಎರಡು ದೊಡ್ಡ ಸಂಸ್ಥೆಗಳು 2017ರ ಸೆಪ್ಟೆಂಬರಿನಲ್ಲಿ ಒಂದು ನಿಯಮಾವಳಿಯನ್ನು ಹೊರಡಿಸಿ, 16ರಿಂದ 18 ವರ್ಷದೊಳಗಿನವರ ಸಂಗಡ ಪೋಷಕರೋ ರಕ್ಷಕರೋ ಇರತಕ್ಕದ್ದೆಂದು ಕಟ್ಟು ಮಾಡಿದವು. 2018ರ ಜನವರಿಯಲ್ಲಿ ಅನೇಕ ಪುರುಷ ರೂಪದರ್ಶಿಗಳು ತಮ್ಮ ಮೇಲಾದ ದೌರ್ಜನ್ಯವನ್ನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಹಿರಂಗಪಡಿಸಿದರು. ಆಗ ‘ವೋಗ್’ ಪತ್ರಿಕೆಯ ಪ್ರಕಾಶಕರಾದ ಕಾಂಡೆ ನಾಸ್ಟ್ ಸಂಸ್ಥೆಯವರು, ಯಾವ ರೂಪದರ್ಶಿಯೂ ಛಾಯಾಗ್ರಾಹಕನೊಡನೆ ಒಬ್ಬಂಟಿಯಾಗಿರದಿರುವುದು ಲೇಸೆಂದು ತಮ್ಮ ನೀತಿಸಂಹಿತೆಯಲ್ಲಿ ಸೇರಿಸಿದರು. ಆದಕಾರಣ ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರವೆಂದು ನಮ್ಮ ಸಹಪಾಠಿ ಸೋದರರು ತಿಳಿಯಬಾರದು.

ಹಾಗಾದರೆ ಎಲ್ಲರೂ ಜೊತೆಗಾರರನ್ನು ಕರೆತರಲಿ, ಸಮಸ್ಯೆ ಬಗೆಹರಿಯಿತು ಎನ್ನುವಿರಾ? ಇಲ್ಲಿಯೇ ತೊಡಕಿರುವುದು. ನಮ್ಮ ವಿದ್ಯಾರ್ಥಿನಿಲಯದ ಗೆಳತಿಯೊಬ್ಬಳಿಗೆ ಸೀರೆ ಅಂಗಡಿಯೊಂದರ ಜಾಹೀರಾತಿಗೆ ಕರೆ ಬಂದಿತ್ತು. ಅವಳ ತಂದೆ ಕೂಲಿಗೆ ಹೋಗುವವರು. ಮಗಳ ಜೊತೆಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ, ಇಬ್ಬರ ಬಸ್ಸಿನ ಖರ್ಚು ಬೇರೆ. ಸಿಗುವ ಹಣದಲ್ಲಿ ಇದನ್ನೆಲ್ಲ ಕಳೆದರೆ ಉಳಿಯುವುದೇನು? ತಂದೆ ಬಂದರು, ಅವರನ್ನು ಒಳಗೆ ಬಿಡದೆ ಅಂಗಡಿಯ ಜಗಲಿಯ ಮೇಲೆ ಸಂಜೆಯ ತನಕ ಕೂರಿಸಿದರು. ಅವಳಿಗೆ ಕೆಟ್ಟದ್ದೇನೂ ಆಗಲಿಲ್ಲವೆಂಬುದು ಸಂತೋಷ. ಆದರೆ ಮುಂದಿನ ಸಲ ಕರೆ ಬಂದಾಗ ಅವಳು ಹೋಗಲಿಲ್ಲ. ಮೊದಲನೆಯ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂತಹ ಮನೆಗಳ ಮಕ್ಕಳಿಗೆ ಜೊತೆಗೊಬ್ಬರನ್ನು ಹೊಂದಿಸುವುದೂ ಒಂದು ಶ್ರೀಮಂತಿಕೆಯೇ. ಜೊತೆಗಾರರಿದ್ದವರಿಗೆ ಮಾತ್ರ ಕ್ಷೇಮವೆಂದಾದರೆ, ಅನಾಥಳಿಗೂ ಬಡವಳಿಗೂ ದೂರದ ಊರಿನಿಂದ ಬಂದವಳಿಗೂ ಗತಿ ಯಾವುದು?

ಇನ್ನೊಂದು ಅಪಾಯವೂ ಉಂಟು. ಜೊತೆಗಾರರನ್ನು ಕರೆತರುವುದು ಅವಳ ಕರ್ತವ್ಯವೆಂದಾದರೆ, ಅನಾಹುತವಾದಾಗ ಲೋಕ ಕೇಳುವ ಮೊದಲ ಪ್ರಶ್ನೆ “ಒಬ್ಬಳೇ ಏಕೆ ಹೋದೆ?” ಎಂಬುದು. ತಪ್ಪು ಮಾಡಿದವನು ಮರೆಗೆ ಸರಿಯುತ್ತಾನೆ. ಮುಳ್ಳಿಗೆ ಸೆರಗು ತಾಗಿದರೂ ಸೆರಗಿಗೆ ಮುಳ್ಳು ತಾಗಿದರೂ ಹರಿಯುವುದು ಸೆರಗೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸೆರಗನ್ನು ಬಿಗಿಹಿಡಿಯೆಂದು ಬೋಧಿಸಿದ್ದು ಸಾಕು, ಇನ್ನು ಮುಳ್ಳನ್ನು ಕಡಿಯುವ ಮಾತನ್ನಾಡೋಣ. ಅದಲ್ಲದೆ, ಜೊತೆಗೆ ಬಂದ ದಲ್ಲಾಳಿಯೋ ಬಂಧುವೋ ಹಣದ ಆಸೆಗೆ ಬಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದಿಲ್ಲವೆ?

ರೂಪದರ್ಶಿಯ ವೃತ್ತಿಗೆ ನೆರೆಯದಾದ ಚಲನಚಿತ್ರರಂಗದ ಉದಾಹರಣೆ ನಮ್ಮ ಪಕ್ಕದ ರಾಜ್ಯದಲ್ಲಿಯೇ ಇದೆ. ಮಲಯಾಳ ಚಿತ್ರರಂಗದ ಸ್ತ್ರೀಯರ ಸ್ಥಿತಿಯನ್ನು ವಿಚಾರಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯು 2019ರ ಡಿಸೆಂಬರಿನಲ್ಲಿ ಕೇರಳ ಸರ್ಕಾರಕ್ಕೆ ವರದಿ ಒಪ್ಪಿಸಿತು. ಅದು ಬೆಳಕು ಕಂಡದ್ದು 2024ರ ಆಗಸ್ಟಿನಲ್ಲಿ. ಕೆಲಸಕ್ಕೆ ಒಬ್ಬರೇ ಹೋಗಲು ಹೆದರಿ ತಂದೆತಾಯಿಗಳನ್ನೋ ಬಂಧುಗಳನ್ನೋ ಕರೆದೊಯ್ಯುತ್ತಿದ್ದ ನಟಿಯರ ಸಂಗತಿ ಅದರಲ್ಲಿದೆ. ಉಪಾಧ್ಯಾಯಿನಿಯೂ ಬ್ಯಾಂಕಿನ ಗುಮಾಸ್ತೆಯೂ ತಾಯಿಯನ್ನು ಕರೆದುಕೊಂಡು ಕಚೇರಿಗೆ ಹೋಗುವುದಿಲ್ಲ. ಈ ಕ್ಷೇತ್ರದಲ್ಲಿ ಮಾತ್ರ ಹಾಗೆ ಮಾಡಬೇಕಾಗಿದ್ದರೆ ಕೊರತೆ ಇರುವುದು ಕೆಲಸದ ಸ್ಥಳದಲ್ಲಿ, ಹೆಣ್ಣಿನಲ್ಲಿ ಅಲ್ಲ.

ಹಾಗಾದರೆ ಹೊಣೆ ಯಾರದು? ಇದಕ್ಕೆ ನಮ್ಮ ಕಾನೂನೇ ಒಂದು ದಾರಿ ತೋರಿದೆ. ಜಾಹೀರಾತು, ಚಲನಚಿತ್ರಗಳಲ್ಲಿ ಕಾಣಿಸಿಕೊಳ್ಳುವ 14 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ 2017ರ ನಿಯಮಗಳು, ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ, 5 ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿಯನ್ನು ನೇಮಿಸತಕ್ಕದ್ದೆಂದೂ ಹೇಳುತ್ತವೆ. ಇಲ್ಲಿ ಜೊತೆಗಾರನನ್ನು ಒದಗಿಸುವ ಭಾರ ಮಗುವಿನ ಮೇಲಿಲ್ಲ, ಕೆಲಸ ಮಾಡಿಸುವವರ ಮೇಲಿದೆ. ಈ ನ್ಯಾಯವು ದೊಡ್ಡವರಿಗೂ ಸಲ್ಲಬೇಕು. ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಅಧಿನಿಯಮದ ಪ್ರಕಾರ, ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯ ದೂರುಗಳನ್ನು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರತಕ್ಕದ್ದು. ಸಣ್ಣ ಸ್ಟುಡಿಯೋಗಳಿಗೆ ಅನ್ವಯಿಸುವುದು ಇದೇ. ನಮ್ಮಲ್ಲಿ ಎಷ್ಟು ಜನಕ್ಕೆ ಈ ಸಮಿತಿಯ ಹೆಸರಾದರೂ ಗೊತ್ತು?

ಆದುದರಿಂದ ನನ್ನ ಸೂಚನೆಗಳು ಇಷ್ಟು. ಸ್ಥಳ, ವೇಳೆ, ಉಡುಪು, ಸಂಭಾವನೆ, ಅಲ್ಲಿ ಇರುವವರು ಯಾರು ಯಾರು ಎಂಬುದನ್ನು ಕರೆಯುವವರು ಮುಂಚೆಯೇ ಬರೆದು ತಿಳಿಸಬೇಕು. ಬಟ್ಟೆ ಬದಲಾಯಿಸಲು ಅಗುಳಿಯುಳ್ಳ ಕೋಣೆ ಇರಬೇಕು. ಛಾಯಾಗ್ರಾಹಕನ ತಂಡದಲ್ಲಿ ಒಬ್ಬ ಹೆಂಗಸಾದರೂ ಇರಬೇಕು. ಜೊತೆಗಾರರು ಬಂದರೆ ಅವರ ಪ್ರಯಾಣದ ವೆಚ್ಚವನ್ನು ಅಂಗಡಿಯವರು ಕೊಡಬೇಕು, ಅವರನ್ನು ಜಗಲಿಯ ಮೇಲೆ ಕೂರಿಸದೆ ಒಳಗೆ ಕರೆಯಬೇಕು. ಇವೆಲ್ಲ ಜಾರಿಗೆ ಬರುವ ತನಕ ನಮ್ಮ ಸೋದರಿಯರು ಸಾಧ್ಯವಾದರೆ ಒಬ್ಬರನ್ನು ಕರೆದುಕೊಂಡೇ ಹೋಗಲಿ. “ಒಬ್ಬಳೇ ಬಾ” ಎಂದು ಯಾರಾದರೂ ಪಟ್ಟು ಹಿಡಿದರೆ ಅಲ್ಲಿಗೆ ಹೋಗದಿರಲಿ.

ನಮ್ಮ ಕಾಲೇಜಿನಲ್ಲಿಯೂ ಕ್ಯಾಮೆರಾ ಹಿಡಿದ ಉತ್ಸಾಹಿ ಸೋದರರು ಕೆಲವರಿದ್ದಾರೆ. ನಾಳೆ ಅವರೇ ಸ್ಟುಡಿಯೋ ತೆರೆಯುವವರು. ಜೊತೆಗಾರರನ್ನು ಅನುಮಾನದ ಗುರುತೆಂದು ಅವರು ಎಣಿಸದಿರಲಿ. ಜೊತೆಗೆ ಯಾರೂ ಇಲ್ಲದೆ ಬಂದವಳೂ ಅಂಜಿಕೆಯಿಲ್ಲದೆ ತನ್ನ ಕೆಲಸ ಮುಗಿಸಿ, ಸಂಭಾವನೆ ಪಡೆದು, ಬೆಳಕಿರುವಾಗಲೇ ಮನೆ ಸೇರುವಂತೆ ಅವರು ನಡೆದುಕೊಳ್ಳಲಿ ಎಂದು ಹಾರೈಸುತ್ತೇನೆ.