ಸಸಿಗಳ ಲೆಕ್ಕ, ಕಲಿಕೆಯ ಲೆಕ್ಕ

ಮಾರ್ಚ್ ಬಂತೆಂದರೆ ಮಲೆನಾಡಿನ ಸ್ವಯಂಸೇವಾ ಸಂಸ್ಥೆಗಳಲ್ಲಿ ವರದಿ ಬರೆಯುವ ಸುಗ್ಗಿ. ಶಾಲಾ ಮಕ್ಕಳ ಪರಿಸರ ಶಿಕ್ಷಣಕ್ಕೆಂದು ಬಂದ ಅನುದಾನ 31ನೇ ತಾರೀಖಿನೊಳಗೆ ಖರ್ಚಾಗಿರಬೇಕು, ಹಣಬಳಕೆ ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರ ಸಹಿ ಬೀಳಬೇಕು, ಛಾಯಾಚಿತ್ರಗಳನ್ನು ಲಗತ್ತಿಸಬೇಕು. ಇಷ್ಟು ಶಿಬಿರ, ಇಷ್ಟು ಜಾಥಾ, ಇಷ್ಟು ಸಸಿ, ಇಷ್ಟು ಫಲಾನುಭವಿಗಳು ಎಂಬ ಪಟ್ಟಿ ಸಿದ್ಧವಾಗುತ್ತದೆ. ಮಕ್ಕಳು ಏನು ಕಲಿತರು ಎಂಬ ಅಂಕಣ ಹೆಚ್ಚಿನ ನಮೂನೆಗಳಲ್ಲಿ ಇರುವುದೇ ಇಲ್ಲ. ಇದ್ದಲ್ಲಿಯೂ ‘ಮಕ್ಕಳಲ್ಲಿ ಉತ್ತಮ ಅರಿವು ಮೂಡಿದೆ’ ಎಂಬ ಒಂದು ಸಾಲಿಗೆ ಅದು ಮುಗಿಯುತ್ತದೆ.

ಇದಕ್ಕೆ ಸಂಸ್ಥೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಕೇಂದ್ರ ಪರಿಸರ ಸಚಿವಾಲಯ 2001ರಲ್ಲಿ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿದಾಗ ಒಂದು ಶಾಲೆಯ ಇಕೋ ಕ್ಲಬ್ಬಿಗೆ ವರ್ಷಕ್ಕೆ ದೊರೆಯುತ್ತಿದ್ದುದು 1,000 ರೂಪಾಯಿ. ಬಳಿಕ ಅದು 2,500 ಆಯಿತು. ಅಷ್ಟರಲ್ಲಿ ಚಟುವಟಿಕೆ ನಡೆಸುವುದೇ ಕಷ್ಟ, ಅಳೆಯುವ ಮಾತು ದೂರ ಉಳಿಯಿತು. ದಾನಿಗಳು ಕೇಳಿದ್ದು ರಸೀದಿಯನ್ನು, ನಾವು ಕೊಟ್ಟದ್ದೂ ರಸೀದಿಯನ್ನೇ.

ಕೃಷಿ ಸಂಶೋಧನೆಯಲ್ಲಿ ಇಂತಹ ವರದಿಗೆ ಬೆಲೆಯಿಲ್ಲ. ಹೊಸದೊಂದು ಗೊಬ್ಬರ ಫಲ ಕೊಟ್ಟಿತೆನ್ನಬೇಕಾದರೆ ಅದನ್ನು ಹಾಕದ ತಾಕೊಂದು ಪಕ್ಕದಲ್ಲಿರಬೇಕು. ಮಳೆ ಹದವಾದ ವರ್ಷ ಎರಡೂ ತಾಕುಗಳಲ್ಲಿ ಇಳುವರಿ ಏರುತ್ತದೆ. ಆ ಏರಿಕೆ ಗೊಬ್ಬರದ್ದಲ್ಲ. ಮಕ್ಕಳ ವಿಷಯವೂ ಅಷ್ಟೇ. ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಬಂದ ಮಗು ಮಾರ್ಚ್ ವೇಳೆಗೆ ಯಾವ ಯೋಜನೆಯ ನೆರವಿಲ್ಲದೆಯೂ ಒಂದಿಷ್ಟು ಹೆಚ್ಚು ಬಲ್ಲುದಾಗಿರುತ್ತದೆ.

ಹಾಗೆಂದು ಕೆಲವು ಶಾಲೆಗಳನ್ನು ಬೇಕೆಂದೇ ವಂಚಿತವಾಗಿಡಬೇಕಿಲ್ಲ. ಪ್ರಥಮ್ ಸಂಸ್ಥೆಯ ‘ಬಾಲಸಖಿ’ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ಮುಂಬೈ ಹಾಗೂ ವಡೋದರಗಳಲ್ಲಿ ಪರೀಕ್ಷಿಸಿದ ಬಗೆ ಇಲ್ಲಿ ಮಾದರಿ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಊರಿನದೇ ತರುಣಿಯೊಬ್ಬಳು ದಿನಕ್ಕೆ ಎರಡು ಗಂಟೆ ಪಾಠ ಹೇಳುವ ಯೋಜನೆ ಅದು. ವಡೋದರದಲ್ಲಿ ಅರ್ಧದಷ್ಟು ಶಾಲೆಗಳ ಮೂರನೇ ತರಗತಿಗೆ ಬಾಲಸಖಿಯನ್ನು ಕೊಟ್ಟರು, ಉಳಿದ ಶಾಲೆಗಳಲ್ಲಿ ನಾಲ್ಕನೇ ತರಗತಿಗೆ ಕೊಟ್ಟರು. ಮರುವರ್ಷ ಅದಲುಬದಲು ಮಾಡಿದರು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಕೆಗೂ ಕೊರತೆಯಾಗಲಿಲ್ಲ. ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದವು. ಆದರೆ ಅವರು ಅಲ್ಲಿಗೇ ನಿಲ್ಲದೆ, ಮಕ್ಕಳು ಕಾರ್ಯಕ್ರಮದಿಂದ ಹೊರಬಂದ ಒಂದು ವರ್ಷದ ಬಳಿಕ ಮತ್ತೆ ಅಳೆದರು. ಹಿಂದುಳಿದಿದ್ದ ಮಕ್ಕಳು ಆಗಲೂ ತುಸು ಮುಂದಿದ್ದರು. ಆದರೆ ಗಳಿಕೆಯ ಬಹುಪಾಲು ಕರಗಿತ್ತು. 2007ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಸಂಗತಿಯನ್ನೂ ಅವರು ಬರೆದರು. ಮಾರ್ಚ್‌ನಲ್ಲಿ ಮುಗಿಯುವ ವರದಿಗಳಿಗೆ ಕಾಣದೆ ಹೋಗುವುದು ಇದೇ.

ನಮ್ಮ ಘಟ್ಟದ ಶಾಲೆಗಳಿಗೆ ಬೇರೆಯೇ ತೊಡಕುಗಳಿವೆ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಒಂದು ಮಗುವೆಂದರೆ ಶೇಕಡಾ ಎಂಟಕ್ಕಿಂತ ಹೆಚ್ಚು. ಮೊದಲು ಆರು ಮಕ್ಕಳು ಸರಿಯುತ್ತರ ಕೊಟ್ಟಿದ್ದು ಆಮೇಲೆ ಒಂಬತ್ತು ಮಕ್ಕಳು ಕೊಟ್ಟರೆ ‘ಶೇಕಡಾ 50ರಷ್ಟು ಪ್ರಗತಿ’ ಎಂದು ಬರೆಯಬಹುದು. ಸುಳ್ಳಲ್ಲ, ಆದರೆ ಆದದ್ದು ಮೂರು ಮಕ್ಕಳ ವ್ಯತ್ಯಾಸ. ಇಂತಹ ಕಡೆ ಶೇಕಡಾವಾರು ಬಿಟ್ಟು ತಲೆಯೆಣಿಕೆಯನ್ನೇ ಕೊಡುವುದು ಲೇಸು. ಇನ್ನು ಕಾಫಿ ತೋಟಗಳ ಸುತ್ತಲಿನ ಶಾಲೆಗಳಲ್ಲಿ ಕೊಯ್ಲಿನ ಕಾಲಕ್ಕೆ ಬಂದ ಕೂಲಿಕಾರರ ಮಕ್ಕಳು ಕೊಯ್ಲು ಮುಗಿದೊಡನೆ ಹೊರಟುಹೋಗುತ್ತಾರೆ. ಉಳಿದವರನ್ನಷ್ಟೇ ಪರೀಕ್ಷಿಸಿದರೆ ಸರಾಸರಿ ತಾನಾಗಿಯೇ ಏರಬಹುದು. ಹೋದವರು ಎಷ್ಟು ಮಂದಿ ಎಂಬುದೂ ವರದಿಯಲ್ಲಿರಬೇಕು. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆ ಮಕ್ಕಳನ್ನು ಶಾಲೆಯಲ್ಲಿ ಹುಡುಕದೆ ಮನೆಮನೆಗೆ ಹೋಗುವುದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿಸುವುದು ಈ ಕಾರಣಕ್ಕೇ. ಶಾಲೆಗೆ ಬಾರದ ಮಗು ಅಲ್ಲಿ ಲೆಕ್ಕದಿಂದ ಜಾರುವುದಿಲ್ಲ.

ಏನನ್ನು ಅಳೆಯಬೇಕು? ವಿಶ್ವ ಪರಿಸರ ದಿನ ಯಾವಾಗ ಎಂಬ ರಸಪ್ರಶ್ನೆಯನ್ನಲ್ಲ. ಶಾಲೆಯ ಆವರಣದಾಚೆ ನಿಂತು ಹತ್ತು ಮರಗಳ ಹೆಸರು ಹೇಳಲು, ಉಪ್ಪಾಗೆಗೂ ಮುರುಗಲಿಗೂ ವ್ಯತ್ಯಾಸ ತೋರಿಸಲು, ಬಾವಿಗೆ ನೀರು ಎಲ್ಲಿಂದ ಬರುತ್ತದೆಂದು ವಿವರಿಸಲು ಮಗುವನ್ನು ಕೇಳಬೇಕು. ಇದಕ್ಕೆ ತಜ್ಞರು ಬೇಡ, ಪಕ್ಕದೂರಿನ ಶಿಕ್ಷಕರೇ ಸಾಕು. ಯೋಜನೆ ನಡೆಸಿದವರೇ ಪರೀಕ್ಷಕರಾಗುವುದು ಬೇಡ. ನೆಟ್ಟ ಸಸಿಗಳನ್ನು ಎಣಿಸುವುದಿದ್ದರೆ ವನಮಹೋತ್ಸವದ ದಿನವಲ್ಲ, ಎರಡನೇ ಬೇಸಿಗೆ ಕಳೆದ ಮೇಲೆ.

ದೊಡ್ಡ ಹಣದ ವಿಷಯದಲ್ಲಿ ಕಾನೂನು ಇದನ್ನು ಒಪ್ಪಿಕೊಂಡಿದೆ. ಕಂಪನಿಗಳ ಸಿಎಸ್‌ಆರ್ ನಿಯಮಗಳಿಗೆ 2021ರ ಜನವರಿಯಲ್ಲಿ ತಂದ ತಿದ್ದುಪಡಿಯಂತೆ, ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆಯುಳ್ಳ ಕಂಪನಿಯು 1 ಕೋಟಿ ಅಥವಾ ಅದಕ್ಕೆ ಮೀರಿದ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕು, ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ. ಮಲೆನಾಡಿನ ಶಾಲೆಗಳಿಗೆ ಬರುವ ಕೆಲವು ಲಕ್ಷದ ಅನುದಾನ ಈ ನಿಯಮದ ಕೆಳಗೆ ನುಸುಳಿಹೋಗುತ್ತದೆ.

ದಾನಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಪ್ರಾಮಾಣಿಕ ವರದಿಯ ಕೆಳಗಿನ ಅಂಕಿಯನ್ನು ಕಂಡು ಬಾಗಿಲು ಮುಚ್ಚಿದರೆ ಮುಂದಿನ ಬಾರಿ ಸುಂದರವಾದ ವರದಿಯೇ ಬರುತ್ತದೆ. ರಾಜಸ್ಥಾನದ ಭಿಲ್ವಾಡಾದಲ್ಲಿ ‘ಎಜುಕೇಟ್ ಗರ್ಲ್ಸ್’ ಸಂಸ್ಥೆ 2015ರಿಂದ 2018ರವರೆಗೆ ಫಲಿತಾಂಶಕ್ಕೆ ತಕ್ಕ ಹಣವೆಂಬ ಕರಾರಿನಲ್ಲಿ ಕೆಲಸ ಮಾಡಿತು. ಎರಡು ವರ್ಷ ಮುಗಿದಾಗ ಅದು ಕಲಿಕೆಯ ಗುರಿಯ ಅರ್ಧವನ್ನಷ್ಟೇ ಮುಟ್ಟಿತ್ತು. ಆ ಅಂಕಿ ನೋಡಿ ಬೋಧನೆಯ ಕ್ರಮವನ್ನು ತಿದ್ದಿಕೊಂಡಿತು. ಮೂರನೇ ವರ್ಷದ ಕೊನೆಗೆ ಗುರಿಯ ಶೇಕಡಾ 160ನ್ನು ತಲುಪಿತು. ಒಂದೇ ವರ್ಷದ ಅನುದಾನವಾಗಿದ್ದರೆ ಅದೊಂದು ಸೋತ ಯೋಜನೆಯೆಂದು ಕಡತ ಸೇರುತ್ತಿತ್ತು.

ಮುಂದಿನ ಸಾಲಿಗೆ ಅರ್ಜಿ ಬರೆಯುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ. ಆಯವ್ಯಯದ ಪಟ್ಟಿಯಲ್ಲಿ ಎರಡು ಸಾಲುಗಳನ್ನು ಹೆಚ್ಚಿಗೆ ಸೇರಿಸಿ: ಶಾಲೆ ತೆರೆಯುವ ಜೂನ್‌ನ ಮೊದಲ ಎರಡು ವಾರಗಳಲ್ಲಿ ಚಟುವಟಿಕೆಗೆ ಮುಂಚೆಯೇ ಮಕ್ಕಳೊಡನೆ ಮಾತುಕತೆ, ಮತ್ತು ಅನುದಾನ ಮುಗಿದ ಮರುವರ್ಷ ಅದೇ ಮಕ್ಕಳನ್ನು ಕಾಣಲು ಪ್ರಯಾಣವೆಚ್ಚ. ದಾನಿಗಳು ಎರಡನೆಯದನ್ನು ಹೊಡೆದುಹಾಕಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.